ತೆರೆದು ನೋಡಿದ್ದಷ್ಟೇ, ತಾರೀಖು ಬದಲಾಯಿತು!



ಈ ಪಕ್ಷ ಅಡುಗೆಮನೆಯ ಮಾತನ್ನು ಸ್ವಲ್ಪ ಬದಿಗಿಡೋಣ. ಕಾಪುವಿನಿಂದ ಬಂದ ಒಂದು ಪತ್ರಕ್ಕೆ ಮೊದಲು ಉತ್ತರ ಕೊಡಬೇಕಾಗಿದೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಪತ್ರದ ಮುಖ್ಯ ಭಾಗವನ್ನಷ್ಟೇ ಓದಿ:

"ನಮ್ಮ ಮಹಿಳಾ ಸಂಘದ ಲೆಕ್ಕ ಬರೆಯುವುದು ನಾನು. ಮೊದಲು ಪುಸ್ತಕದಲ್ಲಿ ಬರೆಯುತ್ತಿದ್ದೆ, ಈಗ ಮಗಳ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಫೈಲಿನಲ್ಲಿ. ಮಾರ್ಚ್ ತಿಂಗಳ ಲೆಕ್ಕ ಮುಗಿಸಿ ಏಪ್ರಿಲ್ 2ಕ್ಕೆ ಮುಚ್ಚಿಟ್ಟಿದ್ದೆ. ಜುಲೈಯಲ್ಲಿ ಒಬ್ಬರು ತಮ್ಮ ಸಾಲದ ಬಾಕಿ ಎಷ್ಟು ಉಂಟು ಎಂದು ಕೇಳಿದರು. ತೆರೆದು ನೋಡಿ ಹೇಳಿದೆ. ಒಂದಂಕಿ ಮುಟ್ಟಿದವಳಲ್ಲ. ಆಮೇಲೆ ಲೆಕ್ಕ ನೋಡಲು ಬಂದವರು ಫೈಲಿನ ಎದುರು ಜುಲೈ ತಾರೀಖು ಕಂಡು, 'ಮುಗಿದ ಲೆಕ್ಕವನ್ನು ಮತ್ತೆ ತಿದ್ದಿದ್ದೀರಲ್ಲ!' ಎಂದರು. ಎಲ್ಲರ ಎದುರೇ ಅಂದರು. ಅಂದಿನಿಂದ ಎರಡು ಸಭೆಗೆ ನಾನು ಹೋಗಲಿಲ್ಲ. ನಾನು ಮಾಡಿದ ತಪ್ಪು ಯಾವುದು ಅಕ್ಕಾ?"

ತಂಗೀ, ನೀವು ಬರೆದಂತೆಯೇ ನಡೆದಿದ್ದರೆ ತಪ್ಪು ನಿಮ್ಮದಲ್ಲ. ಆ ತಾರೀಖು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಕೇಳಿದವರೂ ತಿಳಿದುಕೊಳ್ಳಲಿಲ್ಲ, ನಿಮಗೂ ಯಾರೂ ಹೇಳಿಕೊಡಲಿಲ್ಲ. ಮುಂದಿನ ಸಭೆಗೆ ಖಂಡಿತ ಹೋಗಿ. ಹೋಗುವ ಮೊದಲು ಈ ಪುಟವನ್ನು ಒಮ್ಮೆ ಓದಿ.

ಮಿಡಿ ಉಪ್ಪಿನಕಾಯಿ ಹಾಕಿದ ಭರಣಿಗೆ ನಾವು ಚೀಟಿ ಅಂಟಿಸುತ್ತೇವೆ, ಇಂಥ ದಿನ ಹಾಕಿದ್ದು ಎಂದು. ಆಮೇಲೆ ಎಷ್ಟು ಸಲ ಮುಚ್ಚಳ ತೆಗೆದರೂ ಚೀಟಿ ಹಾಗೆಯೇ ಇರುತ್ತದೆ. ಕಂಪ್ಯೂಟರಿನ ಚೀಟಿ ಹಾಗಲ್ಲ. ಅದು ಭರಣಿಯ ಬಾಯಿಗೆ ಮತ್ತೆ ಬಟ್ಟೆ ಕಟ್ಟಿದ ದಿನವನ್ನು ಬರೆದಿಡುತ್ತದೆ. ಒಳಗಿನ ಮಿಡಿ ಹೆಚ್ಚಾಯಿತೋ, ಕಡಿಮೆಯಾಯಿತೋ, ಅಷ್ಟೇ ಉಂಟೋ, ಅದಕ್ಕೆ ಗೊತ್ತಿಲ್ಲ. ಅಂದರೆ ಫೈಲನ್ನು ಕೊನೆಯ ಬಾರಿ ಉಳಿಸಿದ್ದು, ನಾವೆಲ್ಲ 'ಸೇವ್' ಎನ್ನುತ್ತೇವಲ್ಲ, ಅದು ಯಾವಾಗ ಎಂಬುದೇ 'ಮಾಡಿಫೈಡ್' ತಾರೀಖು. ಅಂಕಿ ಬದಲಿಸದೆ ಸೇವ್ ಒತ್ತಿದರೂ ತಾರೀಖು ಬದಲಾಗುತ್ತದೆ.

"ನಾನು ಸೇವ್ ಕೊಡಲೇ ಇಲ್ಲವಲ್ಲ" ಎನ್ನುತ್ತೀರಾ? ಅಲ್ಲೇ ಇರುವುದು ಗುಟ್ಟು. ಒಂದೊಂದಾಗಿ ನೋಡಿ.

ಫೈಲಿಗೆ ಮೂರು ತಾರೀಖು

ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ತೆರೆಯಿರಿ. ಅಲ್ಲಿ ಮೂರು ತಾರೀಖುಗಳು ಕಾಣುತ್ತವೆ. 'ಕ್ರಿಯೇಟೆಡ್' ಎಂದರೆ ಈ ಪ್ರತಿ ಈ ಜಾಗದಲ್ಲಿ ಹುಟ್ಟಿದ ದಿನ. 'ಮಾಡಿಫೈಡ್' ಎಂದರೆ ಕೊನೆಯದಾಗಿ ಬರೆದ ದಿನ. 'ಆಕ್ಸೆಸ್ಡ್' ಎಂದರೆ ಯಾರೋ ಮುಟ್ಟಿದ ದಿನ. ಮೂರನೆಯದು ಬರೇ ನೋಡಿದರೂ ಬದಲಾಗಬಹುದು, ಅದನ್ನು ನಂಬಿ ಜಗಳಕ್ಕೆ ಹೋಗಬೇಡಿ.

ಮೊದಲನೆಯದೂ ಕಡಿಮೆಯದಲ್ಲ. ಫೈಲನ್ನು ಪೆನ್‌ಡ್ರೈವಿಗೆ ನಕಲು ಮಾಡಿದಿರೆನ್ನಿ. ನಕಲಿಗೆ ಹುಟ್ಟಿದ ದಿನ ಇವತ್ತಿನದು, ತಿದ್ದಿದ ದಿನ ಮಾತ್ರ ಹಳೆಯದೇ. ಹುಟ್ಟುವ ಮೊದಲೇ ತಿದ್ದಿದ ಫೈಲು! ತಾಯಿಗಿಂತ ಮಗಳು ದೊಡ್ಡವಳು ಎಂದ ಹಾಗೆ. ಇದರಲ್ಲಿ ಮೋಸವೇನೂ ಇಲ್ಲ, ವಿಂಡೋಸಿನ ಪದ್ಧತಿಯೇ ಹಾಗೆ. ವಾಟ್ಸಾಪಿನಲ್ಲಿ ಬಂದದ್ದನ್ನು ಇಳಿಸಿಕೊಂಡರೆ ಸಾಮಾನ್ಯವಾಗಿ ಇಳಿಸಿಕೊಂಡ ದಿನವೇ ಅದರ ತಾರೀಖಾಗುತ್ತದೆ.

ನೋಡಿದರೇ ಬದಲಾಗುವುದೇಕೆ?

ಮೊದಲ ಕಾರಣ, ಲೆಕ್ಕದ ಹಾಳೆಯೊಳಗಿನ ಸೂತ್ರ. ಸಾಲದ ಬಡ್ಡಿ ಇಂದಿನವರೆಗೆ ಎಷ್ಟು ಎಂದು ತಿಳಿಯಲು ಎಕ್ಸೆಲ್‌ನಲ್ಲಿ 'ಟುಡೇ' ಅಥವಾ 'ನೌ' ಎಂಬ ಸೂತ್ರ ಹಾಕಿರುತ್ತಾರೆ. ಫೈಲು ತೆರೆದ ಕೂಡಲೇ ಅದು ಇವತ್ತಿನ ದಿನ ಹಿಡಿದು ಹೊಸದಾಗಿ ಲೆಕ್ಕ ಹಾಕುತ್ತದೆ. ಮುಚ್ಚುವಾಗ "ಬದಲಾವಣೆಗಳನ್ನು ಉಳಿಸಲೇ?" ಎಂದು ಕೇಳುತ್ತದೆ. ನೀವೇನೂ ಬದಲಿಸಿಲ್ಲ, ಆದರೂ ಕೇಳುತ್ತದೆ. ಒಲೆಯ ಮೇಲೆ ಹಾಲಿಟ್ಟು ಬಂದವರು ಅಭ್ಯಾಸಬಲದಿಂದ 'ಸೇವ್' ಒತ್ತುತ್ತಾರೆ. ತಾರೀಖು ಹೋಯಿತು! ಹಳೆಯ ಎಕ್ಸೆಲ್‌ನಲ್ಲಿ ಮಾಡಿದ ಫೈಲನ್ನು ಹೊಸದರಲ್ಲಿ ತೆರೆದಾಗಲೂ ಇದೇ ಪ್ರಶ್ನೆ ಬರುತ್ತದೆ. ಕಾಪುವಿನ ತಂಗಿಯ ಫೈಲಿನಲ್ಲಿ ಸಾಲದ ಬಾಕಿಯ ಲೆಕ್ಕವಿದೆಯಲ್ಲ, ನನಗೆ ಮೊದಲ ಅನುಮಾನ ಇದರ ಮೇಲೆಯೇ.

ಎರಡನೆಯ ಕಾರಣ, ತಾನೇ ಉಳಿಸುವ ಏರ್ಪಾಡು. ಫೈಲು ಒನ್‌ಡ್ರೈವಿನಲ್ಲಿ ಇದ್ದರೆ ವರ್ಡ್, ಎಕ್ಸೆಲ್ ಕಿಟಕಿಯ ಎಡತುದಿಯಲ್ಲಿ 'ಆಟೋಸೇವ್' ಎಂಬ ಸ್ವಿಚ್ಚು ಕಾಣುತ್ತದೆ. ಅದು ಹಾಕಿದ್ದರೆ ನಿಮ್ಮನ್ನು ಕೇಳುವ ಗೋಜೇ ಇಲ್ಲ. ಬೆರಳು ತಾಗಿ ಒಂದು ಚುಕ್ಕಿ ಬಿದ್ದರೂ ಕೆಲವೇ ಕ್ಷಣಗಳಲ್ಲಿ ಉಳಿದುಬಿಡುತ್ತದೆ.

ಮೂರನೆಯದನ್ನು ಮಣಿಪಾಲದಲ್ಲಿ ಓದುವ ಹುಡುಗಿಯ ತಾಯಿಯೊಬ್ಬರು ಬರೆದಿದ್ದಾರೆ. ಮಗಳು ವರ್ಡ್‌ನಲ್ಲಿ ಮಾಡಿದ ಅರ್ಜಿಯನ್ನು ತಿಂಗಳ ಬಳಿಕ ತೆರೆದರೆ, ಕಾಗದದೊಳಗೆ ಬರೆದ ತಾರೀಖೇ ಇವತ್ತಿನದಾಗಿದೆಯಂತೆ! ಮಾರಾಯ್ರೇ, ಇದು ಮಾಟವಲ್ಲ. ತಾರೀಖನ್ನು ಕೈಯಿಂದ ಬರೆಯದೆ 'ಇನ್ಸರ್ಟ್' ಪಟ್ಟಿಯಿಂದ ಹಾಕುವಾಗ 'ಅಪ್‌ಡೇಟ್ ಆಟೋಮ್ಯಾಟಿಕಲಿ' ಎಂಬ ಚೌಕದಲ್ಲಿ ಗುರುತು ಬಿದ್ದಿರುತ್ತದೆ. ಆ ಗುರುತು ತೆಗೆದು ಹಾಕಿದರೆ ತಾರೀಖು ನಿಲ್ಲುತ್ತದೆ. ಎಕ್ಸೆಲ್‌ನಲ್ಲಾದರೆ ಕಂಟ್ರೋಲ್ ಗುಂಡಿಯೊಡನೆ ಅರ್ಧವಿರಾಮದ ಗುಂಡಿ ಒತ್ತಿ. ಇಂದಿನ ತಾರೀಖು ಬೀಳುತ್ತದೆ, ಮತ್ತೆ ಅಲುಗುವುದಿಲ್ಲ.

ನಾಲ್ಕನೆಯ ಕಾರಣ ಗಡಿಯಾರ. ಕಾರ್ಕಳದ ಸೋದರಿಯೊಬ್ಬರ ಪತಿ ದುಬೈಯಲ್ಲಿದ್ದಾರೆ. ಮನೆ ಕಟ್ಟುವ ಲೆಕ್ಕವನ್ನು ಅಲ್ಲಿ ಬರೆದು ಪೆನ್‌ಡ್ರೈವಿನಲ್ಲಿ ತರುತ್ತಾರೆ. ಲ್ಯಾಪ್‌ಟಾಪಿನಲ್ಲಿ ಒಂದು ತಾರೀಖು, ಪೆನ್‌ಡ್ರೈವಿನಲ್ಲಿ ಇನ್ನೊಂದು. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಮಾರ್ಚ್ 31ರ ರಾತ್ರಿ 11 ಗಂಟೆಗೆ ಉಳಿಸಿದ ಫೈಲನ್ನು ಅದೇ ಲ್ಯಾಪ್‌ಟಾಪು ಊರಿನ ಸಮಯಕ್ಕೆ ಹೊಂದಿಸಿದ ಮೇಲೆ ಏಪ್ರಿಲ್ 1ರ ನಡುರಾತ್ರಿ 12.30 ಎಂದು ತೋರಿಸುತ್ತದೆ. ಹಣಕಾಸಿನ ವರ್ಷವೇ ಬದಲಾಯಿತು ನೋಡಿ! ಹಳೆಯ ಬಗೆಯ ಪೆನ್‌ಡ್ರೈವು ಮಾತ್ರ ಬರೆದ ಊರಿನ ಗಡಿಯಾರವನ್ನೇ ಹಾಗೆ ಹಿಡಿದಿಟ್ಟುಕೊಂಡಿರುತ್ತದೆ. ಅದಕ್ಕೇ ಎರಡು ಕಡೆ ಎರಡು ತಾರೀಖು. ಯಾವುದೂ ಸುಳ್ಳಲ್ಲ.

ಇನ್ನು ಹಳೆಯ ಮೇಜಿನ ಕಂಪ್ಯೂಟರು ಇದ್ದವರು ಕೇಳಿ. ಒಳಗೆ ನಾಣ್ಯದಂಥ ಬ್ಯಾಟರಿ ಒಂದಿರುತ್ತದೆ, ಸಾಮಾನ್ಯವಾಗಿ ಸಿಆರ್ 2032 ಎಂಬುದು. ಅದು ಸತ್ತರೆ ಪ್ರತಿ ಸಲ ಕರೆಂಟು ಹೋಗಿ ಬಂದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ. ನಮ್ಮ ಮಳೆಗಾಲದಲ್ಲಿ ಕರೆಂಟಿನ ಕತೆ ನಿಮಗೆ ಗೊತ್ತೇ ಉಂಟು. ಬ್ಯಾಟರಿ ಬದಲಿಸಿ, ಸಮಯವನ್ನು ಇಂಟರ್ನೆಟ್ಟಿನಿಂದ ತಾನೇ ತೆಗೆದುಕೊಳ್ಳುವಂತೆ ಮಾಡಿ.

ಪರೀಕ್ಷೆ ಹೀಗೆ ಮಾಡಿ

ಮೊದಲು ಫೈಲಿನ ನಕಲು ಮಾಡಿಕೊಳ್ಳಿ. ಮೂಲವನ್ನು ಮುಟ್ಟಲೇಬೇಡಿ. ನಕಲನ್ನು ತೆರೆದು, ಏನೂ ಮಾಡದೆ ಮುಚ್ಚಿ. "ಉಳಿಸಲೇ?" ಎಂದು ಕೇಳಿತೇ? ಹಾಗಾದರೆ ಒಳಗೆ ತಾನೇ ಬದಲಾಗುವ ಸೂತ್ರ ಇರಬಹುದು. "ಬೇಡ" ಎಂದು ಮುಚ್ಚಿ ತಾರೀಖು ನೋಡಿ. ಮತ್ತೊಮ್ಮೆ ತೆರೆದು, "ಹೌದು" ಎಂದು ಮುಚ್ಚಿ ನೋಡಿ. ಒಂದಂಕಿ ಮುಟ್ಟದಿದ್ದರೂ ತಾರೀಖು ಇವತ್ತಿನದಾಗುವುದು ಕಣ್ಣೆದುರೇ ಕಾಣುತ್ತದೆ.

ಆಮೇಲೆ ಮೂಲ ಫೈಲಿನ ಪ್ರಾಪರ್ಟೀಸ್‌ನಲ್ಲಿ 'ಡೀಟೇಲ್ಸ್' ಎಂಬ ಪುಟ ನೋಡಿ. ವರ್ಡ್, ಎಕ್ಸೆಲ್ ಫೈಲುಗಳು ತಮ್ಮ ಹೊಟ್ಟೆಯೊಳಗೇ ಇನ್ನೊಂದು ತಾರೀಖು ಇಟ್ಟುಕೊಂಡಿರುತ್ತವೆ, ಕೊನೆಗೆ ಉಳಿಸಿದ ದಿನ ಮತ್ತು ಉಳಿಸಿದವರ ಹೆಸರು. ಹೊರಗೆ ಜುಲೈ, ಒಳಗೆ ಏಪ್ರಿಲ್ ಎಂದಿದ್ದರೆ ಫೈಲನ್ನು ಯಾರೂ ಮತ್ತೆ ಉಳಿಸಿಲ್ಲ, ಇಳಿಸಿಕೊಳ್ಳುವಾಗಲೋ ಸಾಗಿಸುವಾಗಲೋ ಹೊರಗಿನ ಚೀಟಿ ಮಾತ್ರ ಬದಲಾಗಿದೆ ಎಂದು ತಿಳಿಯಬಹುದು. ಒಳಗೂ ಜುಲೈ ಎಂದಿದ್ದರೆ ಯಾರೋ ಸೇವ್ ಒತ್ತಿದ್ದಾರೆ. ಆಗಲೂ ಗಾಬರಿ ಬೇಡ. ಒತ್ತಿದ್ದು ಬೇರೆ, ತಿದ್ದಿದ್ದು ಬೇರೆ. ಫೈಲು ಒನ್‌ಡ್ರೈವಿನಲ್ಲಿದ್ದರೆ 'ವರ್ಷನ್ ಹಿಸ್ಟರಿ' ಎಂಬಲ್ಲಿ ಹಿಂದಿನ ಪ್ರತಿ ಸಿಕ್ಕೀತು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಲ್ಲವಾದರೆ ಏಪ್ರಿಲ್‌ನಲ್ಲಿ ಸಂಘದ ಗುಂಪಿಗೆ ಕಳಿಸಿದ ಪ್ರತಿ, ಬ್ಯಾಂಕಿನ ಪಾಸ್‌ಬುಕ್ಕು, ಸದಸ್ಯೆಯರ ಕೈಪುಸ್ತಕಗಳು ಉಂಟಲ್ಲ! ಮೊತ್ತಗಳು ತಾಳೆಯಾದರೆ ಲೆಕ್ಕ ಸರಿ. ತಾರೀಖು ಏನೇ ಹೇಳಲಿ.

ಇನ್ನೊಂದು ಮಾತು ನೆನಪಿರಲಿ. ಕಂಪ್ಯೂಟರಿನ ಗಡಿಯಾರವನ್ನು ಹಿಂದೆ ತಿರುಗಿಸಿ ಯಾರು ಬೇಕಾದರೂ ಹಳೆಯ ತಾರೀಖು ಹಾಕಬಹುದು. ಹಾಗಾಗಿ ಜುಲೈ ತಾರೀಖು ಕಳ್ಳತನಕ್ಕೆ ಸಾಕ್ಷಿಯಲ್ಲ, ಏಪ್ರಿಲ್ ತಾರೀಖು ಪ್ರಾಮಾಣಿಕತೆಗೆ ಸಾಕ್ಷಿಯಲ್ಲ. ಕಾರ್ಕಳದ ಬೆಟ್ಟದ ಮೇಲಿನ ಬಾಹುಬಲಿಯನ್ನು ವೀರಪಾಂಡ್ಯ ನಿಲ್ಲಿಸಿದ್ದು 1432ರಲ್ಲಿ. ಶಾಸನದ ತಾರೀಖು ಕಲ್ಲಿನಲ್ಲಿದೆ, ಎಷ್ಟು ಮಂದಿ ಓದಿದರೂ ಅಳಿಯುವುದಿಲ್ಲ. ಕಂಪ್ಯೂಟರಿನ ತಾರೀಖಿಗೆ ಆ ಗಟ್ಟಿತನ ಇಲ್ಲ. ಅದಕ್ಕೆ ಗಟ್ಟಿತನ ಕೊಡಬೇಕಾದವರು ನಾವು.

ಇನ್ನು ಮುಂದೆ ಹೀಗೆ ಮಾಡಿ

ತಿಂಗಳ ಲೆಕ್ಕ ಮುಗಿದ ದಿನವೇ ಅದರ ಪಿಡಿಎಫ್ ಪ್ರತಿ ತೆಗೆಯಿರಿ. ಫೈಲಿನ ಹೆಸರಿನಲ್ಲೇ ತಾರೀಖು ಸೇರಿಸಿ, 'ಲೆಕ್ಕ 2025-03-31' ಎಂಬಂತೆ. ವರ್ಷ ಮೊದಲು ಬರೆದರೆ ಪಟ್ಟಿಯಲ್ಲಿ ಕ್ರಮವಾಗಿ ನಿಲ್ಲುತ್ತವೆ. ಅದನ್ನು ಅಂದೇ ಎಲ್ಲ ಸದಸ್ಯೆಯರಿಗೂ ಕಳಿಸಿ. ಹದಿನಾರು ಮಂದಿಯ ಫೋನಿನಲ್ಲಿ ಪ್ರತಿ ಇದ್ದರೆ ಹದಿನಾರು ಸಾಕ್ಷಿಗಳು.

ಮೂಲ ಫೈಲಿನ ಪ್ರಾಪರ್ಟೀಸ್‌ನಲ್ಲಿ 'ರೀಡ್ ಓನ್ಲಿ' ಎಂಬುದಕ್ಕೆ ಗುರುತು ಹಾಕಿ. ಆಮೇಲೆ ಸೇವ್ ಒತ್ತಿದರೂ "ಬೇರೆ ಹೆಸರು ಕೊಡಿ" ಎನ್ನುತ್ತದೆ, ಮೂಲ ಹಾಗೇ ಉಳಿಯುತ್ತದೆ. ಬಾಕಿ ಕೇಳಲು ಬಂದವರಿಗೆ ಪಿಡಿಎಫ್ ನೋಡಿ ಹೇಳಿ.

ಸಭೆಯ ಪುಸ್ತಕ ಬಿಡಬೇಡಿ. ಉಳಿಕೆ ಮೊತ್ತವನ್ನು ಕೈಯಿಂದ ಬರೆದು ಇಬ್ಬರ ಸಹಿ ಹಾಕಿಸಿ. ನಮ್ಮ ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಕೂಡಿಟ್ಟವರೂ ಅದನ್ನು ನಂಬಿದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆದರೆ ಕೊಟ್ಟವರ ಕೈಯಲ್ಲೊಂದು ಪುಸ್ತಕ, ತೆಗೆದುಕೊಂಡವರ ಬಳಿ ಒಂದು ಲೆಕ್ಕ ಎಂಬ ಪಾಠ ಇಂದಿಗೂ ಹಳೆಯದಾಗಿಲ್ಲ.

ಕಾನೂನು ಸಹ ಬರೇ ತಾರೀಖನ್ನು ನೆಚ್ಚಿಕೊಂಡಿಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕದೊಡನೆ ದಾಖಲಿಸಲೇಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಕಂಪ್ಯೂಟರಿನ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಪ್ರಮಾಣಪತ್ರ ಬೇಕು, ಅದರಲ್ಲಿ 'ಹ್ಯಾಶ್' ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಹೆಬ್ಬೆಟ್ಟಿನ ಗುರುತು ಎನ್ನಿ. ಒಳಗಿರುವುದು ಒಂದಕ್ಷರ ಬದಲಾದರೂ ಗುರುತು ಬದಲಾಗುತ್ತದೆ. ಫೈಲಿನ ಹೆಸರು, ಹೊರಗಿನ ತಾರೀಖು ಬದಲಾದರೆ ಬದಲಾಗುವುದಿಲ್ಲ. ಮಕ್ಕಳಿಂದ ಆ ಪಿಡಿಎಫ್‌ನ ಹ್ಯಾಶ್ ತೆಗೆಸಿ ಸಭೆಯ ಪುಸ್ತಕದಲ್ಲಿ ಬರೆದಿಟ್ಟರೆ ನಾಳೆ ಯಾರೂ ಬೆರಳು ತೋರಿಸಲಾರರು.

ಕಾಪುವಿನ ತಂಗೀ, ಮುಂದಿನ ಸಭೆಗೆ ಲ್ಯಾಪ್‌ಟಾಪು, ಪಾಸ್‌ಬುಕ್ಕು ಎರಡನ್ನೂ ಹಿಡಿದುಕೊಂಡೇ ಹೋಗಿ. ಅಳಬೇಡಿ, ಜಗಳವನ್ನೂ ಮಾಡಬೇಡಿ. "ಎಲ್ಲರ ಎದುರು ಕೇಳಿದಿರಿ, ಎಲ್ಲರ ಎದುರೇ ತೋರಿಸುತ್ತೇನೆ" ಎನ್ನಿ. ನಕಲಿನ ಮೇಲೆ ಆ ಪರೀಕ್ಷೆಯನ್ನು ಮಾಡಿ ತೋರಿಸಿ, ಮೊತ್ತಗಳನ್ನು ಪಾಸ್‌ಬುಕ್ಕಿನೊಡನೆ ಅವರಿಂದಲೇ ತಾಳೆ ಹಾಕಿಸಿ. ಲೆಕ್ಕ ಕೇಳುವುದು ಅವರ ಹಕ್ಕು, ಅದರಲ್ಲಿ ಬೇಸರ ಬೇಡ. ಕೇಳಿದ್ದಕ್ಕೆ ಉತ್ತರ ಸಿಕ್ಕಿತು ಎಂದು ಅದೇ ಸಭೆಯ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳುವುದು ನಿಮ್ಮ ಹಕ್ಕು. ಅದನ್ನೂ ಬಿಡಬೇಡಿ.