ಚೀನಾದ ಕಾರ್ಮಿಕ ಸಂಘಗಳು ಕಲಿಸುವ ಪಾಠ

ಚೀನಾದ ಸರಕು ಅಗ್ಗವಾಗಿರಲು ಅಲ್ಲಿ ಕಾರ್ಮಿಕ ಸಂಘಗಳಿಲ್ಲದಿರುವುದೇ ಕಾರಣವೆಂಬ ಮಾತು ನಮ್ಮ ವಾಣಿಜ್ಯ ವಲಯದಲ್ಲಿ ಆಗಾಗ್ಗೆ ಕೇಳಿಬರುತ್ತದೆ. ಇದು ಸರಿಯಲ್ಲ. ಅಲ್ಲಿ ಸಂಘಗಳಿವೆ, ಆದರೆ ಅವು ನಮಗೆ ಪರಿಚಿತವಾದ ಬಗೆಯವಲ್ಲ.

1925ರಲ್ಲಿ ಸ್ಥಾಪನೆಗೊಂಡ ಅಖಿಲ ಚೀನಾ ಕಾರ್ಮಿಕ ಸಂಘಗಳ ಒಕ್ಕೂಟವೊಂದಕ್ಕೇ ಅಲ್ಲಿ ಕಾನೂನಿನ ಮಾನ್ಯತೆಯಿದೆ. ಅದು ಕಮ್ಯುನಿಸ್ಟ್ ಪಕ್ಷದ ನಾಯಕತ್ವಕ್ಕೆ ಒಳಪಟ್ಟದ್ದು. ಸಂಘವಿರುವ ಸಂಸ್ಥೆಯು ತನ್ನ ಒಟ್ಟು ವೇತನ ಮೊತ್ತದ ಶೇ. 2ರಷ್ಟನ್ನು ಸಂಘದ ನಿಧಿಗೆ ಸಲ್ಲಿಸಬೇಕು. ಅನೇಕ ಕಾರ್ಖಾನೆಗಳಲ್ಲಿ ಆಡಳಿತ ವರ್ಗದವರೇ ಸಂಘದ ಪದಾಧಿಕಾರಿಗಳಾಗಿರುವುದುಂಟು. ಮುಷ್ಕರದ ಹಕ್ಕನ್ನು 1982ರ ಸಂವಿಧಾನವು ಕೈಬಿಟ್ಟಿತು.

ಇಂತಹ ಸಂಘದಿಂದ ಕಾರ್ಮಿಕನಿಗೆ ಏನು ಲಾಭ? ಅರ್ಥಶಾಸ್ತ್ರಜ್ಞರಾದ ಯಾಂಗ್ ಯಾವ್ ಹಾಗೂ ನಿಂಗ್‌ಹುವಾ ಝಾಂಗ್ ಅವರು 12 ನಗರಗಳ 1,268 ಸಂಸ್ಥೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವು ಅನಿರೀಕ್ಷಿತ ಉತ್ತರ ನೀಡಿತು. ಸಂಘವಿರುವ ಸಂಸ್ಥೆಗಳಲ್ಲಿ ಗಂಟೆವಾರು ವೇತನ ಹೆಚ್ಚು, ದುಡಿಮೆಯ ಅವಧಿ ಕಡಿಮೆ, ಪಿಂಚಣಿ ಸೌಲಭ್ಯ ವ್ಯಾಪಕ. ಕಾನೂನಿನಲ್ಲಿ ಬರೆದಿಟ್ಟ ಸೌಲಭ್ಯಗಳನ್ನು ಜಾರಿಗೆ ತರುವಲ್ಲಿ ದುರ್ಬಲ ಸಂಘವೂ ನೆರವಾಗಬಲ್ಲದೆಂಬುದು ಇದರಿಂದ ನಾವು ಗ್ರಹಿಸಬಹುದಾದ ಅಂಶ.

ಆದರೆ ಅಸಮಾಧಾನ ತಲೆದೋರಿದಾಗ ಇಂತಹ ಸಂಘ ನಿಲ್ಲುವುದಿಲ್ಲ. 2010ರ ಮೇ ತಿಂಗಳಲ್ಲಿ ಗುವಾಂಗ್‌ಡಾಂಗ್ ಪ್ರಾಂತದ ಫೋಶಾನ್‌ನಲ್ಲಿರುವ ಹೋಂಡಾ ಬಿಡಿಭಾಗ ಕಾರ್ಖಾನೆಯ ಕಾರ್ಮಿಕರು ವೇತನ ಹೆಚ್ಚಳಕ್ಕಾಗಿ ಕೆಲಸ ನಿಲ್ಲಿಸಿದರು. ಸ್ಥಳೀಯ ಸಂಘದ ಕಡೆಯವರು ಅವರ ಪರ ನಿಲ್ಲುವ ಬದಲು ಅವರೊಡನೆಯೇ ಕೈಕೈ ಮಿಲಾಯಿಸಿದರು. ಬಿಡಿಭಾಗಗಳ ಪೂರೈಕೆ ಕಡಿದು, ಚೀನಾದಲ್ಲಿನ ಹೋಂಡಾ ಕಾರು ಜೋಡಣಾ ಘಟಕಗಳು ಸ್ಥಗಿತಗೊಂಡವು. ಕೊನೆಗೆ ಸಂಸ್ಥೆಯು ವೇತನ ಹೆಚ್ಚಿಸಲೇಬೇಕಾಯಿತು. ಬಳಿಕ ಅಲ್ಲಿನ ಸಂಘಕ್ಕೆ ಕಾರ್ಮಿಕರು ತಮ್ಮ ಪ್ರತಿನಿಧಿಗಳನ್ನು ಆರಿಸಿದರು. 2011ರ ವೇತನ ಏರಿಕೆಯು ಮಾತುಕತೆಯ ಮೂಲಕವೇ ಇತ್ಯರ್ಥವಾಯಿತು.

2014ರ ಏಪ್ರಿಲ್‌ನಲ್ಲಿ ಡಾಂಗ್‌ಗುವಾನ್‌ನ ಯೂ ಯುವೆನ್ ಪಾದರಕ್ಷೆ ಕಾರ್ಖಾನೆಗಳಲ್ಲಿ ಹತ್ತಾರು ಸಾವಿರ ಕಾರ್ಮಿಕರು ಬೀದಿಗಿಳಿದರು. ಸಾಮಾಜಿಕ ವಿಮೆಗೆ ಸಂಸ್ಥೆಯು ಕಾನೂನುಬದ್ಧ ಮೊತ್ತಕ್ಕಿಂತ ಕಡಿಮೆ ಕಟ್ಟುತ್ತಿದ್ದುದೇ ದೂರು. ಕಾರ್ಮಿಕರ ಮಾತಿಗೆ ಕಿವಿಗೊಡುವ ಸಂಘವಿದ್ದಿದ್ದರೆ ಈ ದೂರು ಬೀದಿಗೆ ಬರುವ ಮೊದಲೇ ಮಾಲೀಕರ ಮೇಜಿಗೆ ತಲುಪುತ್ತಿತ್ತು.

ಕೈಗೊಂಬೆ ಸಂಘವು ಮಾಲೀಕನಿಗೆ ಅನುಕೂಲವೆಂಬ ಭಾವನೆ ಇಲ್ಲಿ ಸುಳ್ಳಾಗುತ್ತದೆ. ಅದು ಅಸಮಾಧಾನವನ್ನು ಮುಚ್ಚಿಡುತ್ತದೆಯೇ ಹೊರತು ನಿವಾರಿಸುವುದಿಲ್ಲ. ದೊಡ್ಡ ಸಂಸ್ಥೆಗಳು ಎರಡು ವಾರಗಳ ಸ್ಥಗಿತವನ್ನು ತಾಳಿಕೊಂಡಾವು. ಒಬ್ಬಿಬ್ಬರು ಗ್ರಾಹಕರನ್ನೇ ನೆಚ್ಚಿರುವ ಸಣ್ಣ ಕೈಗಾರಿಕೆಗೆ ಅದು ಪ್ರಾಣಾಂತಿಕ. ಆದುದರಿಂದ ಚೀನಾದೊಡನೆ ಬೆಲೆಯಲ್ಲಿ ಸ್ಪರ್ಧಿಸುವ ನಮ್ಮ ಉದ್ಯಮಿಗಳು ಅಲ್ಲಿನ ಮೌನವನ್ನು ಅನುಕರಿಸಬೇಕಿಲ್ಲ. ಕಾರ್ಮಿಕರೇ ಆರಿಸಿದ ಪ್ರತಿನಿಧಿಗಳೊಡನೆ ನಿಯತವಾಗಿ ಕುಳಿತು ಮಾತನಾಡುವುದು ಔದಾರ್ಯವಲ್ಲ, ವ್ಯವಹಾರ ಜ್ಞಾನ.