ವಾರಾಂತ್ಯದ ದಂಪತಿಗಳು

ನನ್ನ ಗೆಳೆಯನೊಬ್ಬನು ಸಪತ್ನೀಕನಾಗಿ ಕೊರಿಯಾ ದೇಶಕ್ಕೆ ಇಂಗ್ಲಿಷ್ ಕಲಿಸಲು ಹೊರಟು ನಿಂತಾಗ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಎರಡು ಬಗೆಯ ಅಭಿಪ್ರಾಯಗಳು ಹುಟ್ಟಿದವು. “ನಮ್ಮವರಿಂದ ಇಂಗ್ಲಿಷ್ ಕಲಿಯಬೇಕಾದಂಥ ಗತಿ ಅವರಿಗೇನು ಬಂದಿದೆ?” ಎಂದರು ಒಬ್ಬರು. “ಇಂಗ್ಲಿಷರಿಗೇ ಇಂಗ್ಲಿಷ್ ಕಲಿಸಬಲ್ಲ ಮಹಾನುಭಾವ ಅವನು, ಕೊರಿಯಾ ಯಾವ ಲೆಕ್ಕ!” ಎಂದರು ಇನ್ನೊಬ್ಬರು. ಅವನ ಹೆಂಡತಿಯ ವಿಷಯವಾಗಿ ಯಾರೂ ಏನೂ ಹೇಳಲಿಲ್ಲ. ಆಕೆಯೂ ಇಂಗ್ಲಿಷಿನಲ್ಲಿ ಎಂ.ಎ., ಮೇಲೆ ಬಿ.ಎಡ್.; ಆಕೆಗೂ ಅಲ್ಲಿ ಅದೇ ಕೆಲಸ, ಅದೇ ಸಂಬಳ. ಇದು ಗೊತ್ತಿದ್ದೂ “ಗಂಡನ ಜೊತೆಗೆ ಹೋಗುತ್ತಿದ್ದಾಳೆ” ಎಂದೇ ನಾವೆಲ್ಲರೂ ಮಾತನಾಡಿಕೊಂಡೆವು. ಈ ತಪ್ಪಿನಲ್ಲಿ ನನ್ನ ಪಾಲೂ ಉಂಟು.

ಆ ದೇಶದ ಶಾಲೆಗಳಲ್ಲಿ ಇಂಗ್ಲಿಷ್ ಹೇಳಿಕೊಡಲು ಪರದೇಶದವರಿಗೆ ಸಿಕ್ಕುವ ರಹದಾರಿ ಬಹುಕಾಲ ಏಳೇ ದೇಶಗಳ ಸ್ವತ್ತಾಗಿತ್ತು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಭಾರತಕ್ಕೂ ಕೊರಿಯಾಕ್ಕೂ ೨೦೦೯ರಲ್ಲಿ ಆಗಿ, ೨೦೧೦ರ ಜನವರಿ ೧ರಿಂದ ಜಾರಿಗೆ ಬಂದ ವಾಣಿಜ್ಯ ಒಪ್ಪಂದದಲ್ಲಿ, ಇಂಗ್ಲಿಷ್ ಪದವಿಯೂ ಶಿಕ್ಷಕ ತರಬೇತಿಯೂ ಉಳ್ಳ ಭಾರತೀಯರಿಗೆ ‘ಸಹಾಯಕ ಶಿಕ್ಷಕ’ರಾಗಿ ಹೋಗಲು ಒಂದು ಕಿರುಬಾಗಿಲು ತೆರೆಯಿತು. ಆ ‘ಸಹಾಯಕ’ ಎಂಬ ಮಾತು ನನ್ನ ಗೆಳೆಯನ ಗಂಟಲಲ್ಲಿ ಮುಳ್ಳಿನಂತೆ ನಿಂತಿತು. ಹತ್ತು ವರ್ಷ ಷೇಕ್ಸ್‌ಪಿಯರನನ್ನು ಬೋಧಿಸಿದವನು ಅವನು. ಆಕೆ ಮಾತ್ರ, “ಸಹಾಯ ಮಾಡುವುದೇನು ಕೀಳೇ?” ಎಂದು ಅರ್ಜಿಗೆ ಸಹಿ ಹಾಕಿದಳಂತೆ.

ಕಾಗದಪತ್ರಗಳ ಪುರಾಣವನ್ನು ನಾನಿಲ್ಲಿ ವಿಸ್ತರಿಸುವುದಿಲ್ಲ. ಪದವಿಪತ್ರಕ್ಕೆ ವಿದೇಶಾಂಗ ಸಚಿವಾಲಯದ ಮುದ್ರೆ, ಪೊಲೀಸರಿಂದ ಸನ್ನಡತೆಯ ಪತ್ರ ಇವೆಲ್ಲ ಸರಿಯೇ. ದಂಪತಿಗಳಿಗೆ ಒಂದೇ ಮನೆ ಬೇಕಾದರೆ ಅವರು ದಂಪತಿಗಳೆಂಬುದಕ್ಕೆ ದಾಖಲೆ ಬೇಕು. ಕಲ್ಯಾಣಮಂಟಪದಲ್ಲಿ ಆರುನೂರು ಮಂದಿ ಉಂಡು ಹರಸಿದ ಮದುವೆಗೆ ಸಾಕ್ಷಿ ಸಾಲದಾಗಿ, ಒಂಬತ್ತು ವರ್ಷಗಳ ಮೇಲೆ ಅವರಿಬ್ಬರೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಮತ್ತೊಮ್ಮೆ ಸತಿಪತಿಗಳಾದರು. ಸಾಕ್ಷಿಯ ಸಹಿ ನನ್ನದು.

ಅಲ್ಲಿ ಶಾಲೆಯ ವರ್ಷ ಮಾರ್ಚ್ ತಿಂಗಳಲ್ಲಿ ಆರಂಭ. ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಒಂದು ಸಣ್ಣ ಪಟ್ಟಣಕ್ಕೆ ಹೋಗಿ ಇಳಿದರು. ಅವನಿಗೆ ಪ್ರಾಥಮಿಕ ಶಾಲೆ, ಆಕೆಗೆ ಮಾಧ್ಯಮಿಕ ಶಾಲೆ. ಬಾಡಿಗೆಯಿಲ್ಲದ ಎರಡು ಕೋಣೆಗಳ ಒಂದು ಮನೆ. ಆಕೆ ಬರೆದ ಮೊದಲ ಪತ್ರದಲ್ಲಿ (ಮುಖ ನೋಡಿ ಮಾತನಾಡುವ ದೂರವಾಣಿ ಬಂದಿರುವ ಈ ದಿನಗಳಲ್ಲಿಯೂ ಆಕೆ ಉದ್ದುದ್ದನೆಯ ಪತ್ರಗಳನ್ನು ಬರೆಯುತ್ತಾಳೆ) ಮನೆಯ ನೆಲದ ವರ್ಣನೆಯೇ ಒಂದು ಪುಟವಿತ್ತು. “ಅಣ್ಣಾ, ಇಲ್ಲಿ ಗೋಡೆ ತಣ್ಣಗೆ, ನೆಲ ಬೆಚ್ಚಗೆ. ಹಿಂದೆ ಒಲೆಯ ಹೊಗೆಯನ್ನು ನೆಲದಡಿಯ ಕಾಲುವೆಗಳಲ್ಲಿ ಹಾಯಿಸಿ ಮನೆಯನ್ನು ಕಾಯಿಸುತ್ತಿದ್ದರಂತೆ. ಈಗ ಬಿಸಿನೀರಿನ ಕೊಳವೆಗಳಿವೆ. ಇದಕ್ಕೆ ಒಂದೊಲ್ ಎಂದು ಹೆಸರು. ಚಪ್ಪಲಿಯನ್ನು ಬಾಗಿಲಲ್ಲೇ ಬಿಡುತ್ತಾರೆ, ನೆಲದ ಮೇಲೆ ಕೂತು ಉಣ್ಣುತ್ತಾರೆ, ನೆಲದ ಮೇಲೆ ಮಲಗುತ್ತಾರೆ. ಅತ್ತೆಯವರಿಗೆ ಹೇಳಿ, ಇಲ್ಲಿ ಮಡಿಗೆ ಅಡ್ಡಿಯಿಲ್ಲ.”

ಗೆಳೆಯನ ಮಾತಿನ ಧಾಟಿಯೇ ಬೇರೆ. “ಏನಯ್ಯಾ, ಔಷಧಿ ಅಂಗಡಿ ಯಾವುದು, ಹೆಂಡದಂಗಡಿ ಯಾವುದು ಎಂದು ಫಲಕ ನೋಡಿ ತಿಳಿಯುವ ಹಾಗಿಲ್ಲ. ಬಟ್ಟೆ ಒಗೆಯುವ ಯಂತ್ರದಲ್ಲಿ ಹದಿನಾಲ್ಕು ಗುಂಡಿಗಳು, ಒಂದನ್ನೂ ಓದಲಾರೆ. ನಾನೀಗ ನಿರಕ್ಷರಕುಕ್ಷಿ,” ಎಂದು ದೂರವಾಣಿಯಲ್ಲಿ ಗೊಣಗಿದ. ಅಕ್ಷರ ಕಲಿಯಬಾರದೇ ಎಂದರೆ, “ನಾನು ಕಲಿಸಲು ಬಂದವನು,” ಎಂದ.

ಆಕೆ ಹದಿನೈದು ದಿನಗಳಲ್ಲಿ ಅಕ್ಷರ ಕಲಿತಳು. ಇದರಲ್ಲಿ ಆಕೆಯ ಜಾಣತನದಷ್ಟೇ ಆ ಲಿಪಿಯ ಗುಣವೂ ಸೇರಿದೆ. ಹಂಗುಲ್ ಎಂಬ ಆ ಲಿಪಿಯನ್ನು ೧೪೪೩ರಲ್ಲಿ ಸೇಜೊಂಗ್ ಎಂಬ ರಾಜನು ರೂಪಿಸಿ, ೧೪೪೬ರಲ್ಲಿ ಪ್ರಜೆಗಳಿಗೆ ಕೊಟ್ಟನು. ಹದಿನಾಲ್ಕು ಮೂಲ ವ್ಯಂಜನಗಳು, ಹತ್ತು ಸ್ವರಗಳು. ಕಂಠ್ಯ, ದಂತ್ಯ, ಓಷ್ಠ್ಯ ಎಂದು ನಾವು ಉಚ್ಚಾರಣ ಸ್ಥಾನಗಳ ಹೆಸರು ಹೇಳಿ ಸುಮ್ಮನಾಗುತ್ತೇವೆ. ಅವರು ಬರೆದೇ ತೋರಿಸಿದ್ದಾರೆ. ಕಕಾರಕ್ಕೆ ಗಂಟಲನ್ನು ಮುಚ್ಚುವ ನಾಲಗೆಯ ಬುಡದ ಆಕಾರ, ನಕಾರಕ್ಕೆ ಮೇಲೆದ್ದ ನಾಲಗೆಯ ತುದಿ, ಮಕಾರಕ್ಕೆ ಬಾಯಿಯ ಚೌಕ. ತಮಿಳಿನಲ್ಲಿರುವಂತೆ ಕಕಾರ ಗಕಾರಗಳಿಗೆ ಒಂದೇ ಅಕ್ಷರ. ರಕಾರ ಲಕಾರಗಳಿಗೂ ಒಂದೇ. ‘ರಲಯೋರಭೇದಃ’ ಎಂದು ನಮ್ಮ ಹಳಬರು ಹೇಳುತ್ತಿದ್ದುದನ್ನು ಅಕ್ಷರಶಃ ಪಾಲಿಸುವ ಜನ ಇಲ್ಲಿದ್ದಾರೆ ಎಂದು ಆಕೆ ಬರೆದಾಗ ನಾನು ತರಗತಿಯಲ್ಲಿ ಆ ಪತ್ರವನ್ನು ಓದಿ ಹೇಳಿದೆ.

ಇನ್ನೂ ಸ್ವಾರಸ್ಯವಿದೆ. ಪದದ ಕೊನೆಯಲ್ಲಿ ಒಂಟಿ ಸಕಾರ ಬಂದರೆ ಕೊರಿಯನರ ನಾಲಗೆಗೆ ಸಮಾಧಾನವಿಲ್ಲ. ತುಟಿ ದುಂಡಗಾಗದ ಒಂದು ಉಕಾರವನ್ನು ಹಚ್ಚುತ್ತಾರೆ. ನಾವು ‘ಬಸ್ಸು’ ಎನ್ನುವಂತೆ ಅವರು ‘ಬೊಸು’. ಫಕಾರ ಅವರಲ್ಲಿಲ್ಲ, ನಮ್ಮ ಅಜ್ಜಿಯರ ‘ಕಾಪಿ’ ಅಲ್ಲಿ ‘ಕೊಪಿ’. ತಂದೆಗೆ ‘ಅಪ್ಪಾ’, ತಾಯಿಗೆ ‘ಒಮ್ಮಾ’, ನಾನು ಎಂಬುದಕ್ಕೆ ‘ನಾ’. ಕ್ರಿಯಾಪದ ವಾಕ್ಯದ ಕೊನೆಗೆ. ಇದನ್ನೆಲ್ಲ ನೋಡಿ ಮರುಳಾದವರಲ್ಲಿ ಆಕೆ ಮೊದಲಿಗಳಲ್ಲ. ಕೊರಿಯಾದ ರಾಜನು ೧೮೮೬ರಲ್ಲಿ ಉನ್ನತ ಮನೆತನದ ಹುಡುಗರಿಗಾಗಿ ಸೋಲ್ ನಗರದಲ್ಲಿ ಇಂಗ್ಲಿಷ್ ಶಾಲೆಯನ್ನು ತೆರೆದಾಗ ಅಮೆರಿಕದಿಂದ ಬಂದ ಮೂವರು ಅಧ್ಯಾಪಕರಲ್ಲಿ ಹೋಮರ್ ಹಲ್ಬರ್ಟ್ ಎಂಬ ತರುಣನೊಬ್ಬನಿದ್ದನು. ಇಂಗ್ಲಿಷ್ ಕಲಿಸಲು ಬಂದ ಆತನು ತಾನೇ ಅವರ ಭಾಷೆಯನ್ನು ಕಲಿತು, ಪಂಡಿತರು ಚೀನೀ ಲಿಪಿಯನ್ನೇ ಮೆರೆಸುತ್ತಿದ್ದ ಕಾಲದಲ್ಲಿ ಹಂಗುಲ್ ಅಕ್ಷರಗಳಲ್ಲಿ ಭೂಗೋಳದ ಪಠ್ಯವನ್ನು ಬರೆದನು. ೧೯೦೫ರಲ್ಲಿ ಕೊರಿಯನ್ ಭಾಷೆಯನ್ನೂ ನಮ್ಮ ದ್ರಾವಿಡ ಭಾಷೆಗಳನ್ನೂ ಹೋಲಿಸಿ ಒಂದು ವ್ಯಾಕರಣ ಗ್ರಂಥವನ್ನೇ ಪ್ರಕಟಿಸಿದನು. ಅವೆರಡೂ ಒಂದೇ ಕುಲದವು ಎಂಬ ಅವನ ವಾದವನ್ನು ಭಾಷಾವಿಜ್ಞಾನಿಗಳು ಒಪ್ಪಿಲ್ಲ, ಒಪ್ಪುವಂತೆಯೂ ಇಲ್ಲ. ಆದರೂ ಆ ಮನುಷ್ಯನ ಮೇಲೆ ನನಗೆ ಅಭಿಮಾನ. ಆತನು ೧೯೪೯ರಲ್ಲಿ ತೀರಿಕೊಂಡದ್ದು ಸೋಲ್ ನಗರದಲ್ಲಿಯೇ, ಮಣ್ಣಾದದ್ದೂ ಅಲ್ಲಿಯೇ. ಈ ಕಥೆಯನ್ನು ಗೆಳೆಯನಿಗೆ ಹೇಳಿದೆ. “ಅವನಿಗೆ ವಾರಕ್ಕೆ ಇಪ್ಪತ್ತೆರಡು ಪಾಠಗಳಿರಲಿಲ್ಲ,” ಎಂದ.

ಇಪ್ಪತ್ತೆರಡು ಪಾಠಗಳು ಇದ್ದುದು ನಿಜ. ಅಲ್ಲಿ ೧೯೯೭ರಿಂದ ಮೂರನೆಯ ತರಗತಿಗೇ ಇಂಗ್ಲಿಷ್ ಆರಂಭವಾಗುತ್ತದೆ. ಶಾಲೆ ಬಿಟ್ಟಮೇಲೆ ಮಕ್ಕಳು ಹಾಗ್ವೊನ್ ಎಂಬ ಖಾಸಗಿ ಪಾಠಶಾಲೆಗಳಿಗೆ ಓಡುತ್ತಾರೆ. ನವೆಂಬರಿನಲ್ಲಿ ನಡೆಯುವ ಕಾಲೇಜು ಪ್ರವೇಶ ಪರೀಕ್ಷೆಯ ದಿನ, ಇಂಗ್ಲಿಷನ್ನು ಕಿವಿಗೊಟ್ಟು ಕೇಳಿ ಉತ್ತರಿಸುವ ಭಾಗ ನಡೆಯುವಾಗ, ದೇಶದಾದ್ಯಂತ ಸುಮಾರು ೩೫ ನಿಮಿಷ ಯಾವ ವಿಮಾನವೂ ಏರುವುದಿಲ್ಲ, ಇಳಿಯುವುದಿಲ್ಲ. ಇಂಗ್ಲಿಷಿಗೆ ಇಷ್ಟು ಮರ್ಯಾದೆ ಇರುವ ದೇಶದಲ್ಲಿ ಇಂಗ್ಲಿಷ್ ಮಾತ್ರ ಬಲ್ಲವನ ಪಾಡು ಹೇಗೆ ಕೆಟ್ಟೀತು ಎಂದು ನೀವು ಕೇಳಬಹುದು. ತರಗತಿಯಲ್ಲಿ ಕೆಡಲಿಲ್ಲ, ಬ್ಯಾಂಕಿನಲ್ಲಿ, ಅಂಚೆ ಕಚೇರಿಯಲ್ಲಿ, ಕಸ ಬೇರ್ಪಡಿಸಿ ಹಾಕುವ ತೊಟ್ಟಿಯ ಮುಂದೆ ಕೆಟ್ಟಿತು. ಎಲ್ಲ ಕಡೆಯೂ ಆಕೆ ಮುಂದೆ, ಇವನು ಹಿಂದೆ. ಚಳಿಗಾಲದ ಮೊದಲಲ್ಲಿ ಇವನಿಗೆ ಜ್ವರ ಬಂದು ವೈದ್ಯರ ಬಳಿಗೆ ಹೋದಾಗ, ಅವರು ಇವನ ಮುಖ ನೋಡದೆ ಆಕೆಯನ್ನೇ ವಿಚಾರಿಸಿದರು. ನೋವು ಎಲ್ಲಿ, ಎಂದಿನಿಂದ ಎಂದು ಆಕೆಯೇ ಹೇಳಿದಳು. ಮನೆಗೆ ಬಂದವನೇ, “ನನ್ನ ಹೊಟ್ಟೆನೋವನ್ನೂ ನೀನೇ ಅನುಭವಿಸು,” ಎಂದು ಕೂಗಾಡಿದನಂತೆ. ಆ ವಾರ ನನಗೆ ಇಬ್ಬರಿಂದಲೂ ಬೇರೆ ಬೇರೆ ಹೊತ್ತಿನಲ್ಲಿ ಕರೆ ಬಂತು. ಅವನು ಊರಿಗೆ ಮರಳುವ ಮಾತನಾಡಿದ. ಆಕೆ ಹೇಳಿದ್ದು ಇಷ್ಟೇ: “ಇಲ್ಲಿ ನನ್ನನ್ನು ಎಲ್ಲರೂ ಸೊನ್‌ಸೇಂಗ್‌ನಿಮ್ ಎನ್ನುತ್ತಾರೆ ಅಣ್ಣಾ, ಗುರುಗಳೇ ಎಂದು. ಊರಲ್ಲಿ ಏಳು ವರ್ಷ ಪಾಠ ಹೇಳಿದೆ. ಅಲ್ಲಿ ನಾನು ಪ್ರೊಫೆಸರರ ಮನೆಯವರು.”

ನಾನು ಏನೂ ಉತ್ತರ ಕೊಡಲಾರದೆ ಹೋದೆ.

ಇನ್ನು ಊಟದ ವಿಷಯ. ಸಸ್ಯಾಹಾರಿಗಳಿಗೆ ಅದು ಸುಲಭದ ನಾಡಲ್ಲ. ಆದರೆ ಶಾಲೆಯ ಊಟದ ಪಟ್ಟಿಯಲ್ಲಿ, ಒಗ್ಗದ ಪದಾರ್ಥಗಳ ಎಚ್ಚರಿಕೆಗೆಂದು, ಪ್ರತಿಯೊಂದು ಭಕ್ಷ್ಯದ ಮುಂದೆಯೂ ಅಂಕಿಗಳನ್ನು ಹಾಕಿರುತ್ತಾರೆ: ೯ ಎಂದರೆ ಸಿಗಡಿ, ೧೦ ಹಂದಿಮಾಂಸ, ೧೫ ಕೋಳಿ, ೧೬ ದನದ ಮಾಂಸ, ಹೀಗೆ ೧೯ರ ವರೆಗೆ. ಆಕೆ ಇದನ್ನು ಕಂಡುಹಿಡಿದು ಗಂಡನಿಗೂ ಒಂದು ಪಟ್ಟಿ ಬರೆದುಕೊಟ್ಟಳು. ಕಿಮ್ಚಿಯ ಮುಂದೆ ೯ ಇದ್ದುದರಿಂದ ಕಿಮ್ಚಿ ಬಿಟ್ಟರು. ೫ ಮಾತ್ರ ಇದ್ದರೆ ಅದು ಸೋಯಾ, ನಿರ್ಭಯವಾಗಿ ಉಣ್ಣಬಹುದು. ಹೀಗೆ ಸೋಯಾ ಹಿಟ್ಟಿನ ಸಾರನ್ನು ಹತ್ತು ತಿಂಗಳು ನೆಮ್ಮದಿಯಿಂದ ಸವಿದರು. ನಮ್ಮ ಹುಳಿಯ ನೆನಪಾಗುತ್ತದೆ ಎಂದು ಗೆಳೆಯ ಬಾಯಿ ಚಪ್ಪರಿಸಿದ್ದೂ ಉಂಟು.

ಜನವರಿಯಲ್ಲಿ ಮಕ್ಕಳಿಗೆ ರಜೆ. ಕರಾರಿನ ಪ್ರಕಾರ ಇವನು ಮಾತ್ರ ಬರಿದಾದ ಶಾಲೆಯಲ್ಲಿ ಮೇಜಿನ ಮುಂದೆ ಕೂರಬೇಕು. ತಂದೆತಾಯಿಗಳಿಬ್ಬರೂ ದುಡಿಯುವ ಮನೆಗಳ ಕೆಲವು ಮಕ್ಕಳನ್ನು ರಜೆಯಲ್ಲೂ ಶಾಲೆಯಲ್ಲಿ ನೋಡಿಕೊಳ್ಳುವ ಏರ್ಪಾಡಿದೆ. ಅವರಲ್ಲಿ ಎರಡನೆಯ ತರಗತಿಯ ಹುಡುಗಿಯೊಬ್ಬಳು, ನೀರು ಬಾರದ ನಲ್ಲಿಯನ್ನು ಇವನು ತಿರುಗಿಸುತ್ತಲೇ ಇದ್ದುದನ್ನು ಕಂಡು, ಮೇಲೆ ಅಂಟಿಸಿದ್ದ ಚೀಟಿಯನ್ನು ತೋರಿಸಿದಳು. ಇವನು ತಲೆಯಾಡಿಸಿದ. ಇಷ್ಟು ದೊಡ್ಡ ಗುರುಗಳಿಗೆ ಓದಲು ಬರುವುದಿಲ್ಲ ಎಂಬುದು ಆ ಮಗುವಿಗೆ ನಂಬಲಾಗದ ಸಂಗತಿಯಾಯಿತು. ಮರುದಿನ ತನ್ನ ಚೌಕದ ಪುಸ್ತಕವನ್ನು ತಂದು ಅವನ ಮುಂದಿಟ್ಟಳು. ಅವರಲ್ಲಿ ಕಕಾರದ ಹತ್ತಿರದ ಧ್ವನಿಗಳು ಮೂರು: ಸಾದಾ, ಉಸಿರಿನದು, ಬಿಗಿಯಾದದ್ದು. ಮಕ್ಕಳ ಫಕಾರವನ್ನು ವರ್ಷವಿಡೀ ತಿದ್ದಿದವನನ್ನು ಆ ಹುಡುಗಿ ಮೂರು ಕಕಾರಗಳಿಗಾಗಿ ಹತ್ತು ದಿನ ತಿದ್ದಿದಳು. ಇವನು ಮನೆಯಲ್ಲಿ ತುಟಿಪಿಟಕ್ಕೆನ್ನಲಿಲ್ಲ.

ಒಂದು ಶನಿವಾರ ಇಬ್ಬರೂ ಸಂತೆಗೆ ಹೋಗಿದ್ದರು. ಒಂದು ಅಂಗಡಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಒಣಮೀನಿನ ಪೆಟ್ಟಿಗೆಗಳು. ಇವನು ನಿಂತು, ಫಲಕವನ್ನು ಕೂಡಿಸಿ ಕೂಡಿಸಿ, ಗಟ್ಟಿಯಾಗಿ ಓದಿದ: “ಗುಕ್... ಮುಲ್... ಯೊಂಗ್... ಮ್ಯೊಲ್ಚಿ.” ಆಕೆ ಹಿಗ್ಗಿ, “ನಿಮಗೆ ಓದಲು ಬರುತ್ತದೆಯೇ!” ಎಂದವಳು ಅರ್ಥ ಹೊಳೆದು ಅಲ್ಲಿಯೇ ನಿಂತಳು. ಗುಕ್‌ಮುಲ್ ಎಂದರೆ ಸಾರಿನ ತಿಳಿ. ‘ಸಾರಿಗೆ ತಕ್ಕ ಸಣ್ಣಮೀನು.’ ಅಂಗಡಿಯ ಮುದುಕಿಯನ್ನು ಕೇಳಿದಾಗ, ಇದನ್ನು ಹಾಕದೆ ಸಾರು ಮಾಡುವುದುಂಟೇ ಎಂದು ಆಕೆ ನಕ್ಕಳಂತೆ. ಹತ್ತೊಂಬತ್ತು ಅಂಕಿಗಳಲ್ಲಿ ಈ ಮೀನಿಗೆ ಅಂಕಿಯೇ ಇಲ್ಲ!

ಆಕೆ ದಾರಿಯುದ್ದಕ್ಕೂ ಅತ್ತಳು. ಜಾತಿ ಕೆಟ್ಟಿತೆಂದಲ್ಲ, ತಾನು ಓದಿ ಹೇಳಿದ್ದನ್ನು ನಂಬಿ ಇವರು ಉಂಡರಲ್ಲಾ ಎಂದು. ಆ ದಿನ ಇವನು ಸಮಾಧಾನ ಮಾಡಬೇಕಾಯಿತು. ಬಹಳ ದಿನಗಳ ಮೇಲೆ ಆ ಅವಕಾಶ ಸಿಕ್ಕಿತು ಎಂದು ಅವನೇ ನನಗೆ ಹೇಳಿದ. ಮೈಸೂರಿನಲ್ಲಿರುವ ಅವನ ತಾಯಿ ಈ ವಾರಪತ್ರಿಕೆಯನ್ನು ಧಾರಾವಾಹಿಯ ಸಲುವಾಗಿ ತಪ್ಪದೆ ಓದುವವರು. ಅವರಿಗೆ ವಿಷಯ ತಿಳಿಸಿ, ಅಪ್ಪಣೆ ಪಡೆದೇ ನಾನಿದನ್ನು ಬರೆಯುತ್ತಿದ್ದೇನೆ. “ಗೊತ್ತಿಲ್ಲದೆ ತಿಂದದ್ದಕ್ಕೆ ದೋಷವಿಲ್ಲ, ಗೊತ್ತಾದ ಮೇಲೆ ಏನು ಮಾಡಿದರೋ ನೀನು ಕೇಳಬೇಡ,” ಎಂದರು ಆ ವೃದ್ಧೆ.

ಫೆಬ್ರವರಿಯಲ್ಲಿ ಕರಾರು ಮುಗಿಯಿತು. ಆಕೆಯ ಶಾಲೆ ಮತ್ತೊಂದು ವರ್ಷಕ್ಕೆ ಕರೆಯಿತು. ಇವನ ಶಾಲೆ ಕರೆಯಲಿಲ್ಲ. ತಪ್ಪು ಅವನದಲ್ಲ. ಕೊರಿಯಾದಲ್ಲಿ ಮಕ್ಕಳೇ ಹುಟ್ಟುತ್ತಿಲ್ಲ. ೨೦೨೩ರಲ್ಲಿ ಪ್ರತಿ ಸ್ತ್ರೀಗೆ ಸರಾಸರಿ ೦.೭೨ ಮಗು ಎಂದು ಲೆಕ್ಕ. ಸಣ್ಣ ಊರುಗಳ ಶಾಲೆಗಳು ಒಂದೊಂದಾಗಿ ಬರಿದಾಗುತ್ತಿವೆ. ಇವನ ಮುಂದೆ ಎರಡು ದಾರಿಗಳಿದ್ದವು. ಹೆಂಡತಿಯ ಆಶ್ರಿತನೆಂಬ ರಹದಾರಿ ಪಡೆದು ಅದೇ ಬೆಚ್ಚನೆಯ ನೆಲದ ಮೇಲೆ ಕೂರುವುದು ಒಂದು. ಆ ರಹದಾರಿಯಲ್ಲಿ ಅಪ್ಪಣೆಯಿಲ್ಲದೆ ದುಡಿಯುವಂತಿಲ್ಲ. ಎರಡೂವರೆ ಗಂಟೆಯ ಬಸ್ಸಿನ ದಾರಿಯಲ್ಲಿ ಖಾಲಿಯಿದ್ದ ಇನ್ನೊಂದು ಶಾಲೆಗೆ ಹೋಗಿ ಒಂಟಿಯಾಗಿರುವುದು ಇನ್ನೊಂದು. ಊರಿಗೆ ಮರಳೋಣ ಎಂದು ಆಕೆಯೇ ಹೇಳಿದಳಂತೆ. ಎರಡು ದಿನ ಯೋಚಿಸಿ, “ನಿನ್ನನ್ನು ಪ್ರೊಫೆಸರರ ಮನೆಯವರಾಗಲು ಕರೆದುಕೊಂಡು ಹೋಗಲೇ?” ಎಂದನಂತೆ. ಹೀಗೆಂದು ಆಕೆ ಬರೆದಿದ್ದಾಳೆ. ಅವನನ್ನು ಕೇಳಿದರೆ, “ಹಾಗೇನೂ ಅಂದ ನೆನಪಿಲ್ಲ ಮಾರಾಯ,” ಎನ್ನುತ್ತಾನೆ.

ನಮ್ಮ ನಾಡಿನ ಶಿಕ್ಷಕರಿಗೆ ವರ್ಗಾವಣೆಯ ‘ಪತಿ-ಪತ್ನಿ ಪ್ರಕರಣ’ ಎಂದರೆ ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಕೊರಿಯನ್ ಭಾಷೆಯಲ್ಲಿ ಇಂಥವರಿಗೆ ಜುಮಾಲ್ ಬುಬು ಎಂದೇ ಹೆಸರು. ವಾರಾಂತ್ಯದ ದಂಪತಿಗಳು ಎಂದರ್ಥ. ಈಗ ಗೆಳೆಯ ಶುಕ್ರವಾರ ಸಂಜೆ ಬಸ್ಸೇರುತ್ತಾನೆ, ಭಾನುವಾರ ಮರಳುತ್ತಾನೆ. ತಾನೇ ಅಡಿಗೆ ಮಾಡಿಕೊಳ್ಳುತ್ತಾನೆ. ಗುಂಡಿಗಳನ್ನು ಓದಿ ಬಟ್ಟೆ ಒಗೆಯುತ್ತಾನೆ. ಹಳೆಯ ಶಾಲೆಯ ಆ ಹುಡುಗಿಗೆ ಹಂಗುಲ್ ಅಕ್ಷರಗಳಲ್ಲಿ ಒಂದು ಪತ್ರ ಬರೆದನಂತೆ. ಆಕೆ ಅದರಲ್ಲಿ ನಾಲ್ಕು ತಪ್ಪುಗಳನ್ನು ಗುರುತು ಹಾಕಿ ಹಿಂದಕ್ಕೆ ಕಳುಹಿಸಿದಳು.

ಕಳೆದ ತಿಂಗಳು ಮೈಸೂರಿಗೆ ಹೋಗಿದ್ದಾಗ ಅವನ ತಾಯಿ ಸಾರಿನ ಪುಡಿಯ ಎರಡು ಪೊಟ್ಟಣಗಳನ್ನು ನನ್ನ ಮುಂದಿಟ್ಟರು. ಒಂದೇ ಅಳತೆ, ಎರಡಕ್ಕೂ ಬೇರೆ ಬೇರೆ ದಾರ. “ಎರಡು ವಿಳಾಸ ಬರೆದುಕೊಡಪ್ಪ,” ಎಂದರು. “ಒಂದರ ಮೇಲೆ ಅವಳ ಹೆಸರು, ಇನ್ನೊಂದರ ಮೇಲೆ ಅವನದು.”