ಹರಿಯುವ ಮುನ್ನ ತಂತಿ ಬದಲಿಸಿ: ಆಕ್ಷೇಪಗಳಿಗೆ ಉತ್ತರ

ಬಾದಾಮಿ ಬಳಿಯ ಮಹಾಕೂಟ, ನಂದಿಕೇಶ್ವರ, ಶಿವಯೋಗಮಂದಿರದ ಸುತ್ತಿನ ಹೊಲಗಳ ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳ ಆಯುಷ್ಯವನ್ನು ಮೊದಲೇ ಅಂದಾಜು ಮಾಡಬೇಕು, ಸವೆದ ತಂತಿಯನ್ನು ಹರಿದು ಬೀಳುವ ಮೊದಲೇ ಇಳಿಸಬೇಕು ಎಂಬುದು ನನ್ನ ವಾದ. ಇದನ್ನು ಒಪ್ಪದವರು ಬಹಳ ಮಂದಿ. ಕೆಲವರು ಲೈನ್ ಮೇಲೆ ದುಡಿದವರು, ಕೆಲವರು ರೈತರು, ಇನ್ನು ಕೆಲವರು ಖರ್ಚಿನ ಲೆಕ್ಕ ಬಲ್ಲವರು. ಅವರ ಅನುಭವದ ಬಗ್ಗೆ ನನಗೆ ಗೌರವವಿದೆ. ತೀರ್ಮಾನವನ್ನು ಮಾತ್ರ ಒಪ್ಪಲಾರೆ.

"ಹರದಾಗ ಜೋಡಿಸಿದರಾತು. ಹೆಂಗೂ ಫೀಡರ್ ಟ್ರಿಪ್ ಆಗತೈತಿ" ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು. ಎಲ್ಲಕ್ಕಿಂತ ಅಪಾಯದ ಮಾತೂ ಇದೇ. ಹರಿದ ತಂತಿ ನೆಲ ಮುಟ್ಟಿದಾಗ ಸಾಕಷ್ಟು ಕರೆಂಟ್ ಭೂಮಿಗೆ ಹರಿದರೆ ಮಾತ್ರ ಸಬ್‌ಸ್ಟೇಷನ್ನಿನ ರಿಲೇಗೆ ಅದು ಗೊತ್ತಾಗುತ್ತದೆ. ಬಾದಾಮಿಯ ನೆಲ ಎಂಥದ್ದು? ಮರಳುಗಲ್ಲು, ಒಣ ಮರಳು, ಬಿಸಿಲಿಗೆ ಕಾದ ಬಂಡೆ. ಇಂಥ ನೆಲ ಕರೆಂಟನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಇಲ್ಲಿ 11 ಸಾವಿರ ವೋಲ್ಟ್‌ನ ತಂತಿ ಬಿದ್ದರೂ ಫೀಡರ್ ಟ್ರಿಪ್ ಆಗದೆ ಉಳಿಯುವ ಸಂಭವ ಹೆಚ್ಚು. ನಸುಕಿನಲ್ಲಿ ನೀರು ಹಾಯಿಸಲು ಹೋಗುವ ರೈತನ ಕಾಲಿಗೋ ಮೇಯಲು ಹೋದ ಎಮ್ಮೆಗೋ ಅದು ಮೊದಲು ಸಿಗುತ್ತದೆ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಕಾಡುಗೋಡಿಯಲ್ಲಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಒಂಬತ್ತು ತಿಂಗಳ ಕೂಸು ಸತ್ತರು. ರಾಜಧಾನಿಯಲ್ಲೇ ಹೀಗಾದರೆ ಹೊಲದ ಬದುವಿನಲ್ಲಿ ಬಿದ್ದ ತಂತಿಯನ್ನು ಕಾಯುವವರು ಯಾರು?

ಎರಡನೆಯ ಆಕ್ಷೇಪಕ್ಕೆ ಸ್ವಲ್ಪ ಬಲವಿದೆ. "ನಮ್ಮದು ಒಣಹವೆ, ಕರಾವಳಿಯಲ್ಲ, ಅಲ್ಯೂಮಿನಿಯಂಗೆ ತುಕ್ಕೂ ಹಿಡಿಯುವುದಿಲ್ಲ" ಎನ್ನುತ್ತಾರೆ. ಹವೆಯ ಮಾತು ನಿಜ. ಕಾರವಾರ, ಕುಮಟಾದ ಉಪ್ಪುಗಾಳಿಯಲ್ಲಿ ತಂತಿ ಹಾಳಾಗುವಷ್ಟು ಬೇಗ ಇಲ್ಲಿ ಹಾಳಾಗದು. ಆದರೆ ತಂತಿ ಬರೀ ಅಲ್ಯೂಮಿನಿಯಂ ಅಲ್ಲ. ಲೈನ್‌ಮನ್‌ಗಳು ರ್‍ಯಾಬಿಟ್, ವೀಸಲ್ ಎಂದು ಕರೆಯುವ ತಂತಿಗಳಲ್ಲಿ ನಡುವೆ ಒಂದು ಉಕ್ಕಿನ ಎಳೆ, ಅದರ ಸುತ್ತ ಆರು ಅಲ್ಯೂಮಿನಿಯಂ ಎಳೆ. ಕರೆಂಟ್ ಸಾಗಿಸುವುದು ಅಲ್ಯೂಮಿನಿಯಂ. ಬಿಗಿತದ ದೊಡ್ಡ ಪಾಲನ್ನು ಹೊರುವುದು ಉಕ್ಕು. ಉಕ್ಕನ್ನು ಕಾಯುವುದು ತೆಳು ಸತುವಿನ ಲೇಪ. ತೇವದ ಜೊತೆ ಕೊಳೆ ಒಳಗಿಳಿದರೆ ಮೊದಲು ಸತುವು ಕರಗುತ್ತದೆ, ಆಮೇಲೆ ಉಕ್ಕಿಗೆ ತಾಗಿದ ಅಲ್ಯೂಮಿನಿಯಂ ಒಳಗಿನಿಂದಲೇ ಬಿಳಿ ಪುಡಿಯಾಗುತ್ತಾ ಹೋಗುತ್ತದೆ. ಸಿಮೆಂಟ್ ದೂಳು ಬೀಳುವ ಕಡೆ ಒಣಹವೆಯೂ ಪೂರ್ತಿ ಕಾಯುವುದಿಲ್ಲ. ಆ ದೂಳು ಕ್ಷಾರ, ಇಬ್ಬನಿ ಬಿದ್ದರೆ ಅಲ್ಯೂಮಿನಿಯಂ ತಿನ್ನುತ್ತದೆ.

ಒಣಹವೆಯವರು ಗಾಳಿಯನ್ನು ಮರೆತೇಬಿಡುತ್ತಾರೆ. ಕಪ್ಪತಗುಡ್ಡದಿಂದ ಗಜೇಂದ್ರಗಡದವರೆಗೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಬಿರುಗಾಳಿಗಿಂತ ಹದವಾಗಿ ಒಂದೇ ಸಮನೆ ಬೀಸುವ ಗಾಳಿ ತಂತಿಯನ್ನು ಸಣ್ಣಗೆ ನಡುಗಿಸುತ್ತದೆ, ಇನ್ಸುಲೇಟರ್‌ಗೆ ಕಟ್ಟಿದ ಜಾಗದಲ್ಲಿ ಎಳೆಗಳು ದಣಿದು ಒಂದೊಂದಾಗಿ ಮುರಿಯುತ್ತವೆ. ಬಾವಿಯ ಹಗ್ಗ ರಾಟಿಗೆ ತಿಕ್ಕುವ ಜಾಗದಲ್ಲೇ ಹರಿಯುವ ಹಾಗೆ. ಇದಕ್ಕೆ ಬಿಸಿಯನ್ನೂ ಕೂಡಿಸಿ. ಪಂಪ್‌ಸೆಟ್‌ಗಳಿಗೆ ಏಳು ತಾಸು ತ್ರೀಫೇಸ್. ಕರೆಂಟ್ ಬಂದ ಕ್ಷಣ ಆಟೋ ಸ್ಟಾರ್ಟರ್ ಇದ್ದ ಮೋಟರ್‌ಗಳೆಲ್ಲ ಒಟ್ಟಿಗೆ ಏಳುತ್ತವೆ. ಕರೆಂಟ್ ಎರಡರಷ್ಟಾದರೆ ತಂತಿಯಲ್ಲಿ ಹುಟ್ಟುವ ಬಿಸಿ ನಾಲ್ಕರಷ್ಟು. ತಂತಿ ಸುಮಾರು 90 ಡಿಗ್ರಿ ದಾಟಿತೆಂದರೆ ಅಲ್ಯೂಮಿನಿಯಂ ಮೆತ್ತಗಾಗತೊಡಗುತ್ತದೆ, ತಣ್ಣಗಾದ ಮೇಲೂ ಆ ಶಕ್ತಿ ಮರಳಿ ಬಾರದು. ಪ್ರತಿ ಬೇಸಿಗೆಯ ನಷ್ಟ ಹಿಂದಿನದಕ್ಕೆ ಸೇರುತ್ತದೆ. ತಂತಿ ಜೋತು ಬೀಳುತ್ತದೆ, ಗಾಳಿಗೆ ಒಂದಕ್ಕೊಂದು ಬಡಿದು ಕಿಡಿ ಉದುರುತ್ತದೆ. ಮುಧೋಳ, ಜಮಖಂಡಿ ಕಡೆಯ ಕಬ್ಬು ಬೆಳೆಗಾರರಿಗೆ ಆ ಕಿಡಿ ಏನು ಮಾಡುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಗುಂಪು ನನಗಿಂತ ಮುಂದೆ ಹೋಗಿ, "ಲೆಕ್ಕಾಚಾರ ಯಾಕೆ, 35 ವರ್ಷ ತುಂಬಿದ ತಂತಿಯನ್ನೆಲ್ಲ ಕಿತ್ತುಹಾಕಿ" ಎನ್ನುತ್ತದೆ. ಕೇಂದ್ರದ ದರ ನಿಯಮಗಳಲ್ಲಿ ಪ್ರಸರಣ ಮಾರ್ಗಕ್ಕೆ 35 ವರ್ಷದ ಆಯುಷ್ಯ ಬರೆದಿರುವುದು ಹೌದು. ಅದು ಸವಕಳಿ ಲೆಕ್ಕಕ್ಕೆ ಬರೆದ ಅಂಕಿ, ತಂತಿಯ ಗಟ್ಟಿತನ ನೋಡಿ ಬರೆದದ್ದಲ್ಲ. ನಮ್ಮ ಭಾಗಕ್ಕೆ ವಿದ್ಯುತ್ ಕೊಡುವ ಹೆಸ್ಕಾಂ ಒಂದರ ವ್ಯಾಪ್ತಿಯಲ್ಲೇ ಕಾರವಾರದ ಕಡಲೂ ಇದೆ, ವಿಜಯಪುರದ ಬಯಲೂ ಇದೆ. ಎರಡೂ ಕಡೆ ಒಂದೇ ವಯಸ್ಸಿಗೆ ತಂತಿ ಇಳಿಸಿದರೆ ಒಂದು ಕಡೆ ಅಪಾಯ, ಇನ್ನೊಂದು ಕಡೆ ದುಂದು.

"ಲೈನ್‌ಮನ್ ಕಣ್ಣಿಗಿಂತ ಲೆಕ್ಕ ದೊಡ್ಡದಲ್ಲ" ಎಂಬ ಮಾತಿಗೆ ಎಚ್ಚರದಿಂದ ಉತ್ತರಿಸಬೇಕು. ಮಳೆಯಲ್ಲಿ ಕಂಬ ಹತ್ತಿ ಜಂಪ್ ಕಟ್ಟುವವರ ಅರಿವನ್ನು ಕಡೆಗಣಿಸುವ ಯೋಜನೆ ಯಾವುದೂ ನಿಲ್ಲುವುದಿಲ್ಲ. ಆದರೆ ಒಳಗಿನ ಸವೆತ ನೆಲದ ಮೇಲೆ ನಿಂತವರಿಗೆ ಕಾಣುವುದಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 2009ರ ಫೆಬ್ರವರಿ 7ರಂದು ಕಿಲ್ಮೋರ್ ಈಸ್ಟ್ ಬಳಿ 43 ವರ್ಷ ಹಳೆಯ ಲೈನಿನ ತಂತಿ ಹರಿದು ಎದ್ದ ಕಾಡ್ಗಿಚ್ಚಿಗೆ 119 ಜನ ಬಲಿಯಾದರು. ವಿಚಾರಣಾ ಆಯೋಗ ಕಂಡ ಕಾರಣ, ಗಾಳಿಯ ನಡುಕಕ್ಕೆ ತುದಿಯಲ್ಲಿ ದಣಿದ ತಂತಿ. ಅಲ್ಲಿಯ ಜೋಡಣೆ ಸರಿಯಾಗಿ ಕೂತಿರಲಿಲ್ಲ. ನೆಲದಿಂದ ನೋಡಿದ ತಪಾಸಣೆಗೆ ಅದು ಸಿಕ್ಕಿರಲಿಲ್ಲ. ಅಲ್ಲೂ ಅನುಭವಿಗಳೇ ಇದ್ದರು.

"ಮುನ್ಸೂಚನೆ ತಪ್ಪಿದರೆ?" ಖಂಡಿತ ತಪ್ಪುತ್ತದೆ. ಇಂಥ ದಿನ ಇಂಥ ಕಂಬದ ತಂತಿ ಹರಿಯುತ್ತದೆ ಎಂದು ಯಾರೂ ಹೇಳಲಾರರು, ನಾನು ಕೇಳುತ್ತಿರುವುದೂ ಅದಲ್ಲ. ಯಾವ ತುಂಡು ಮೊದಲು, ಯಾವುದು ಆಮೇಲೆ ಎಂಬ ಸರದಿ ಸಾಕು. ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ತಂತಿ ಎಳೆದ ವರ್ಷ, ಅದರ ಗಾತ್ರ, ಬೇಸಿಗೆಯ ಗರಿಷ್ಠ ಲೋಡ್, ಟ್ರಿಪ್ ಆದ ದಿನಗಳು, ಮುಖ್ಯವಾಗಿ ಎರಡು ಕಂಬಗಳ ನಡುವೆ ಎಷ್ಟು ಜಾಯಿಂಟ್ ಇವೆ ಎಂಬುದು. ಒಂದೇ ಅಂತರದಲ್ಲಿ ಮೂರು ಕಡೆ ಜೋಡಿಸಿದ ತಂತಿ ತನ್ನ ಕಥೆಯನ್ನು ತಾನೇ ಹೇಳಿದೆ. ಬಿಸಿ ಅಳೆಯುವ ಥರ್ಮಲ್ ಕ್ಯಾಮೆರಾ ಸಡಿಲ ಜಾಯಿಂಟ್‌ಗಳನ್ನು ಕೆಳಗಿನಿಂದಲೇ ತೋರಿಸುತ್ತದೆ. ಹಳೆಯ ತಂತಿ ಇಳಿಸಿದಾಗ ಅದನ್ನೆಲ್ಲ ಗುಜರಿಗೆ ಹಾಕುವ ಬದಲು ಒಂದು ತುಂಡನ್ನು ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಗೆ ಕಳಿಸಿದರೆ, ಉಳಿದ ಶಕ್ತಿ ಎಷ್ಟು, ಸತುವು ಎಷ್ಟು ಎಂಬುದು ಗೊತ್ತಾಗುತ್ತದೆ. ಅದೇ ವರ್ಷ ಎಳೆದ ಉಳಿದ ಲೈನಿನ ಬಗ್ಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ತಂತಿ ಬದಲು ಇನ್ಸುಲೇಷನ್ ಇರುವ ಕೇಬಲ್ ಹಾಕಿ ಎಂಬವರಿಗೆ ಒಂದೇ ಮಾತು: ಊರೊಳಗೆ, ಮಂಗಗಳ ಕಾಟವಿರುವ ಬಾದಾಮಿ, ಮಹಾಕೂಟದಲ್ಲಿ, ಬನಶಂಕರಿ ಜಾತ್ರೆಯ ದಾರಿಯಲ್ಲಿ ಹಾಕಲೇಬೇಕು. ತಾಲ್ಲೂಕಿನ ಎಲ್ಲ ಹೊಲಗಳ ಮೇಲೆ ಹಾಕುವಷ್ಟು ಹಣ ಬರುವ ತನಕ ಬರಿ ತಂತಿ ಅಲ್ಲೇ ಇರುತ್ತದೆ, ಸವೆಯುತ್ತಲೂ ಇರುತ್ತದೆ.

ಆದ್ದರಿಂದ ಬಾದಾಮಿ, ಹುನಗುಂದ, ಇಳಕಲ್‌ನ ಸೆಕ್ಷನ್ ಕಚೇರಿಗಳಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಮುಂಗಾರಿನೊಳಗೆ ಪ್ರತಿ ಫೀಡರಿನ ಜಾಯಿಂಟ್‌ಗಳನ್ನು ಎಣಿಸಿ ಬರೆದಿಡಿ, ಆ ಪಟ್ಟಿಯನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಿ. ರೈತರೇ, ನಿಮ್ಮ ಹೊಲದ ಮೇಲೆ ತಂತಿ ಜೋತು ಬಿದ್ದಿದ್ದರೆ, ಜಾಯಿಂಟ್ ಮೇಲೆ ಜಾಯಿಂಟ್ ಕಂಡರೆ, ಕಂಬದ ನಂಬರ್ ಸಮೇತ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.